ವರ್ಕ್‌ಬುಕ್, ಚೀಟಿ, ಪತ್ರ, ನಡುಗೆರೆ ನೋಟ್‌ಬುಕ್: ಕನ್ನಡ ಕ್ಲಾಸಿಗೆ ಯಾವುದು?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ನಡುವೆ ಗೆರೆ ಎಳೆದ ನೂರು ಪುಟದ ನೋಟ್‌ಬುಕ್ಕಿಗೆ.

ನಾನು ಸಿಂಧನೂರು ಕಡೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪದ್ಯ ಓದಿದ ಮೇಲೆ ಮಕ್ಕಳು ಐದು ನಿಮಿಷ ಏನಾದರೂ ಬರೆಯಲಿ ಅಂತ ನಾಲ್ಕು ದಾರಿ ನೋಡಿದ್ದೇನೆ. ಬೇರೆ ಬೇರೆ ವರ್ಷದ ಮಕ್ಕಳು, ಆದರೆ ವಚನ ಒಂದೇ: ಆಯ್ದಕ್ಕಿ ಲಕ್ಕಮ್ಮನದು. ಈ 12ನೇ ಶತಮಾನದ ಶರಣೆ ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ‘ಈಸಕ್ಕಿಯಾಸೆ ನಿಮಗೇಕೆ?’, ಅಂದರೆ ಇಷ್ಟು ಅಕ್ಕಿಯ ಆಸೆ ಯಾಕೆ ಎಂದು ಕೇಳಿ, ವಾಪಸ್ ಸುರಿದು ಬನ್ನಿ ಅಂದಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಊರಿನ ಮಕ್ಕಳಿಗೆ ಬೇಗ ತಟ್ಟುವ ವಚನ ಇದು.

ಅಚ್ಚು ಹಾಕಿದ ವರ್ಕ್‌ಬುಕ್ ನೋಡಲು ಚೆಂದ. ಬಣ್ಣದ ಚಿತ್ರ, ಗೆರೆ ಹಾಕಿದ ಜಾಗ, ತಿದ್ದುವುದೂ ಸಲೀಸು. ತೊಂದರೆ ಇರುವುದು ಪ್ರಶ್ನೆಯಲ್ಲೇ. ‘ಲಕ್ಕಮ್ಮನ ನಿಸ್ವಾರ್ಥ ಗುಣವನ್ನು ವಿವರಿಸಿ’ ಅಂತ ಕೇಳಿರುತ್ತಾರೆ. ನಿಸ್ವಾರ್ಥ ಅಂತ ಅವರೇ ಹೇಳಿ ಮುಗಿಸಿದ ಮೇಲೆ ಮಗು ಹುಡುಕುವುದೇನು? ವಚನದ ಕಡೆ ತಿರುಗಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಇಡೀ ಕ್ಲಾಸಿನ ಉತ್ತರ ಓದಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ‘ಲಕ್ಕಮ್ಮ ನಿಸ್ವಾರ್ಥಿ. ಆಕೆಗೆ ಆಸೆ ಇರಲಿಲ್ಲ. ನಾವೂ ಆಕೆಯಂತೆ ಬಾಳಬೇಕು.’ ಎಲ್ಲ ಪುಟದಲ್ಲೂ ಇದೇ ಮೂರು ಸಾಲು, ಏಕೆಂದರೆ ಜಾಗ ಬಿಟ್ಟಿರುವುದೂ ಮೂರೇ ಸಾಲಿಗೆ. ಅಕ್ಕಿಯ ಮಾತೇ ಇಲ್ಲ, ಮಾರಯ್ಯನ ಹೆಸರೂ ಇಲ್ಲ. ಹೆಂಡತಿ ಗಂಡನನ್ನು ಎದುರು ನಿಂತು ಪ್ರಶ್ನೆ ಮಾಡುತ್ತಿದ್ದಾಳೆ ಅನ್ನುವುದನ್ನು ಯಾರೂ ಬರೆದಿರಲಿಲ್ಲ. ನಾಲ್ಕನೇ ಸಾಲು ಬರೆಯಬೇಕು ಅನ್ನಿಸಿದ ಮಗುವಿಗೆ ಜಾಗವೂ ಇಲ್ಲ. ದುಡ್ಡು ಕೊಟ್ಟು ತರಿಸಿದ ಪುಸ್ತಕ ಹೀಗಿದ್ದರೆ ಬೇಜಾರಾಗುತ್ತದೆ, ಅಲ್ವಾ?

ಚೀಟಿ ಪುಕ್ಕಟೆ. ಬೆಲ್ ಹೊಡೆಯುವ ಮುಂಚೆ ‘ಇವತ್ತು ಅರ್ಥವಾಗದ ಒಂದು ಮಾತು ಬರೀರಿ’ ಅಂದರೆ ಸಾಕು, ನಾಳೆ ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ತಿಳಿಯುತ್ತದೆ. ಆದರೆ ಅದು ಮಗುವಿನ ಕೈಯಲ್ಲಿ ಉಳಿಯುವುದಿಲ್ಲ.

ಮಾರಯ್ಯನಾಗಿ ಲಕ್ಕಮ್ಮನಿಗೆ ಪತ್ರ ಬರೆಸುವುದು ಮಕ್ಕಳಿಗೆ ಭಾರಿ ಇಷ್ಟ. ಪೀರಿಯಡ್ ಪೂರ್ತಿ ಬೇಕು, ಪತ್ರ ವಚನ ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ. ತಿಂಗಳಿಗೊಂದು ಸಾಕು.

ಇನ್ನು ನೋಟ್‌ಬುಕ್. ಪುಟದ ನಡುವೆ ಸ್ಕೇಲಿಟ್ಟು ಗೆರೆ. ಎಡಕ್ಕೆ ವಚನದ ಒಂದು ಸಾಲು, ಅದೂ ಮಗುವೇ ಆರಿಸಿದ್ದು. ಬಲಕ್ಕೆ ಅದಕ್ಕೆ ತನ್ನ ಮಾತು: ಪ್ರಶ್ನೆ, ತಕರಾರು, ನೆನಪು, ಏನಾದರೂ ಸರಿ. ಒಬ್ಬ ಹುಡುಗಿ ಬಲಕ್ಕೆ ಬರೆದಳು: ‘ಚೆಲ್ಲಿದ್ದನ್ನು ಆರಿಸಿದರೆ ತಪ್ಪೇನು? ನಮ್ಮವ್ವನೂ ಕೊಯ್ಲಾದ ಮೇಲೆ ತೆನೆ ಆರಿಸ್ತಾಳೆ.’ ಮಾರನೇ ದಿನ ಎಡದ ಸಾಲನ್ನೇ ಮತ್ತೆ ಓದಿಸಿ, ಕೆಳಗೆ ಇನ್ನೆರಡು ಸಾಲು ಬರೆಸಿದೆ. ‘ಆರಿಸಿದ್ದಕ್ಕೆ ಬೈದಿಲ್ಲ. ಅವತ್ತಿನ ಊಟಕ್ಕಿಂತ ಜಾಸ್ತಿ ತಂದಿದ್ದಕ್ಕೆ ಬೈದಳು’ ಅಂತ ಬರೆದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ತನ್ನ ತಕರಾರಿಗೆ ಉತ್ತರ ಬೇಕಾಗಿ ಅವಳೇ ಸಾಲಿನೊಳಗೆ ಹೋಗಿ ತಂದದ್ದು.

ಗೈಡ್ ನೋಡಿ ಬಲಕ್ಕೆ ಭಾವಾರ್ಥ ಇಳಿಸುವವರು ಇದ್ದಾರೆ. ಅದಕ್ಕೇ ಕ್ಲಾಸಿನಲ್ಲೇ ಬರೆಸುತ್ತೇನೆ, ಮನೆಗೆ ಕೊಡುವುದಿಲ್ಲ. ಅಂಕವನ್ನೂ ಹಾಕುವುದಿಲ್ಲ.

ಪರೀಕ್ಷೆಯ ‘ಸಂದರ್ಭದೊಡನೆ ವಿವರಿಸಿ’ಗೂ ಇದೇ ಆಗಿಬರುತ್ತದೆ, ಸಾಲು ಯಾರು ಯಾರಿಗೆ ಹೇಳಿದ್ದು ಅನ್ನುವುದು ತಲೆಯಲ್ಲಿ ಕೂತಿರುತ್ತದೆ.

ನಮ್ಮಲ್ಲಿ ಮಕ್ಕಳು ಜಾಸ್ತಿ, ದುಡ್ಡು ಕಡಿಮೆ. ದಿನಕ್ಕೊಂದು ಬೆಂಚಿನವರ ನೋಟ್‌ಬುಕ್ ಮಾತ್ರ ಮನೆಗೆ ಒಯ್ದು ಓದುವುದು ನನ್ನ ರೂಢಿ. ಅಷ್ಟೂ ಓದಲು ಪುರುಸೊತ್ತಿಲ್ಲದವರು ಚೀಟಿಯಿಂದ ಶುರು ಮಾಡಿ. ವರ್ಕ್‌ಬುಕ್ಕಿನ ದುಡ್ಡಿಗೆ ನೋಟ್‌ಬುಕ್ ತನ್ನಿ, ಒಂದು ಡಜನ್ ಸ್ಕೇಲೂ ತನ್ನಿ. ಇಲ್ಲದಿದ್ದರೆ ಗೆರೆ ಎಳೆಯುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.