ರೇಡಿಯೋ 4 ಮತ್ತು 4 ಎಕ್ಸ್‌ಟ್ರಾ: ನಾಟಕದಿಂದ ಶುರು ಮಾಡಿ, ನಗು ಆಮೇಲೆ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಬಿಬಿಸಿ ರೇಡಿಯೋ ಕೇಳ್ರೀ, ಇಂಗ್ಲಿಷ್ ಸುಧಾರಿಸುತ್ತೆ." ಪಾಠ ಅಂತ ಕೇಳಿದರೆ ಎರಡೇ ವಾರಕ್ಕೆ ಬೇಜಾರಾಗುತ್ತದೆ. ನಾನು ಇಷ್ಟು ವರ್ಷ ಕೇಳಿಕೊಂಡು ಬಂದಿರುವುದು ಬೇರೆ ಕಾರಣಕ್ಕೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಯಾರಾದರೂ ಕಥೆ ಹೇಳುತ್ತಿರಬೇಕು ನನಗೆ. ಬಿಬಿಸಿಯ ರೇಡಿಯೋ 4, 4 ಎಕ್ಸ್‌ಟ್ರಾ ಎರಡರಲ್ಲೂ ಜಾಹೀರಾತಿಲ್ಲ, ಸಿನಿಮಾ ಹಾಡಿಲ್ಲ. ಬೆಳಗಿನಿಂದ ರಾತ್ರಿವರೆಗೆ ಮಾತೇ ಮಾತು.

ರೇಡಿಯೋ 4 ಶುರುವಾಗಿದ್ದು 1967ರಲ್ಲಿ. ಸುದ್ದಿ, ನಾಟಕ, ಹಾಸ್ಯ, ಕಲೆ ಎಲ್ಲಾ ಅದರಲ್ಲೇ. 4 ಎಕ್ಸ್‌ಟ್ರಾ ಅದರ ತಂಗಿ. 2002ರಲ್ಲಿ ಬಿಬಿಸಿ 7 ಅಂತ ಹುಟ್ಟಿತು, ಈ ಹೆಸರು ಬಂದಿದ್ದು 2011ರಲ್ಲಿ. ಹಳೇ ಕಾರ್ಯಕ್ರಮಗಳನ್ನು ಉಗ್ರಾಣದಿಂದ ತೆಗೆದು ಮತ್ತೆ ಬಡಿಸುವುದು ಅದರ ಕೆಲಸ. ಎಫ್‌ಎಂನಲ್ಲಿ ಸಿಗಲ್ಲ, ಡಿಎಬಿ ಅನ್ನುವ ಡಿಜಿಟಲ್ ರೇಡಿಯೋ, ಟಿವಿ ಅಥವಾ ಬಿಬಿಸಿ ಸೌಂಡ್ಸ್ ಆ್ಯಪ್ ಬೇಕು. ದುಡ್ಡಿನ ವಿಷಯಕ್ಕೆ ಬಂದರೆ, ರೇಡಿಯೋ ಕೇಳೋಕೆ ಟಿವಿ ಲೈಸೆನ್ಸ್ (ಟಿವಿ ನೋಡೋಕೆ ಇಲ್ಲಿ ಕಟ್ಟಬೇಕಾದ ಶುಲ್ಕ) ಬೇಕಿಲ್ಲ. ರೇಡಿಯೋ ಲೈಸೆನ್ಸನ್ನು ಇಲ್ಲಿ 1971ರಲ್ಲೇ ತೆಗೆದುಹಾಕಿದರು. ಹೊಸಬರಲ್ಲಿ ಎಷ್ಟೋ ಜನ ಇದು ಗೊತ್ತಿಲ್ಲದೆ ಸುಮ್ನೆ ಹೆದರುತ್ತಾರೆ.

ನನ್ನ ಮುಖ್ಯ ಸಲಹೆ ಒಂದೇ. ಹಾಸ್ಯದಿಂದ ಶುರು ಮಾಡಬೇಡಿ, ನಾಟಕದಿಂದ ಮಾಡಿ. ಹಾಸ್ಯ ಅಂದರೆ ಹಗುರ, ಅದು ಬೇಗ ಅರ್ಥವಾಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ಮಧ್ಯಾಹ್ನ 2:15ರ ನಾಟಕ ಮುಕ್ಕಾಲು ಗಂಟೆಯದು. ನಾಲ್ಕೈದು ಪಾತ್ರ, ಒಂದು ಬಾಗಿಲು, ಒಂದು ಮಳೆ. ಆಕಾಶವಾಣಿ ನಾಟಕ ಕೇಳಿ ಬೆಳೆದವರ ಕಿವಿಗೆ ಇದು ಹೊಸದೇನಲ್ಲ. ಎಲ್ಲವೂ ಚೆನ್ನಾಗಿರುತ್ತವೆ ಅಂತಲ್ಲ. ಕೆಲವು ಭಾಷಣ ಆಗಿಬಿಡುತ್ತವೆ, ಅಂಥವನ್ನು ನಾನು ಅರ್ಧಕ್ಕೇ ಬಿಡುತ್ತೇನೆ.

ಇನ್ನು ದಿ ಆರ್ಚರ್ಸ್. 1951ರಿಂದ ನಿಲ್ಲದೆ ಬರುತ್ತಿರುವ ಧಾರಾವಾಹಿ. ಆ್ಯಂಬ್ರಿಜ್ ಎಂಬ ಕಾಲ್ಪನಿಕ ಹಳ್ಳಿ, ರೈತ ಕುಟುಂಬಗಳು, ಹಾಲಿನ ರೇಟು, ಗದ್ದೆಗೆ ನುಗ್ಗುವ ನೀರು, ಅಣ್ಣತಮ್ಮಂದಿರ ಆಸ್ತಿ ಜಗಳ. ಶನಿವಾರ ಬಿಟ್ಟು ದಿನಾ ಸಂಜೆ ಏಳು ಗಂಟೆ ಸುದ್ದಿ ಮುಗಿದ ಕೂಡಲೇ, ಹತ್ತಿರ ಹತ್ತಿರ ಹದಿನೈದು ನಿಮಿಷ. ಇದು ಶುರುವಾದಾಗ ಎರಡನೇ ಮಹಾಯುದ್ಧದ ನಂತರ ಊಟಕ್ಕೆ ರೇಷನ್ ಇದ್ದ ಕಾಲ. ಹೆಚ್ಚು ಬೆಳೆಯುವುದು ಹೇಗೆ ಅಂತ ರೈತರಿಗೆ ಕಥೆಯ ಜೊತೆಗೇ ತಿಳಿಸೋಣ ಅಂತ ಕೃಷಿ ಇಲಾಖೆಯ ಸಲಹೆ ಪಡೆದು ಶುರು ಮಾಡಿದ್ದು. ನಮ್ಮ ಕೃಷಿರಂಗಕ್ಕೆ ಒಂದು ಕುಟುಂಬ, ಒಂದು ಜಗಳ ಸೇರಿಸಿದ ಹಾಗೆ ಅನ್ನಿ. ರೆಕಾರ್ಡಿಂಗ್ ನಡೆಯುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಹೊಲದ ಕಬ್ಬಿಣದ ಗೇಟು ಕಿರ್ ಅಂತ ತೆರೆಯುತ್ತದಲ್ಲ, ಅದಕ್ಕೆ ಅವರು ಬಳಸುವುದು ಹಳೇ ಇಸ್ತ್ರಿ ಮೇಜು. ಗೊತ್ತಾದ ಮೇಲೂ ನನ್ನ ಕಿವಿಗೆ ಗೇಟೇ ಕೇಳಿಸುತ್ತದೆ.

7:15ಕ್ಕೆ ಫ್ರಂಟ್ ರೋ, ಕಲೆಯ ಕಾರ್ಯಕ್ರಮ. ಹೊಸ ನಾಟಕ, ಪುಸ್ತಕ, ಚಿತ್ರಪ್ರದರ್ಶನದ ಬಗ್ಗೆ ಮಾತು. ಲಂಡನ್ ವಾಸನೆ ಜಾಸ್ತಿ. ವಾರಕ್ಕೆ ಒಂದೆರಡು ಕೇಳಿದರೆ ನನಗೆ ಸಾಕು.

ಹಾಸ್ಯದ ಹೊತ್ತು ಸಂಜೆ 6:30. ಜಸ್ಟ್ ಎ ಮಿನಿಟ್ 1967ರಿಂದ ಇದೆ. ಕೊಟ್ಟ ವಿಷಯದ ಮೇಲೆ ಒಂದು ನಿಮಿಷ ಮಾತಾಡಬೇಕು. ತಡವರಿಸಬಾರದು, ಹೇಳಿದ್ದನ್ನೇ ಹೇಳಬಾರದು, ವಿಷಯ ಬಿಟ್ಟು ಹೋಗಬಾರದು. ಹೊಸಬರಿಗೂ ಇದು ನಡೆಯುತ್ತೆ. 'ಐ ಆ್ಯಮ್ ಸಾರಿ ಐ ಹ್ಯಾವೆಂಟ್ ಎ ಕ್ಲೂ' ಮಾತ್ರ ಹಾಗಲ್ಲ. ಅದರಲ್ಲಿ ಮಾರ್ನಿಂಗ್ಟನ್ ಕ್ರೆಸೆಂಟ್ ಅಂತ ಒಂದು ಆಟ. ಒಬ್ಬೊಬ್ಬರೇ ಲಂಡನ್ನಿನ ಜಾಗಗಳ, ಟ್ಯೂಬ್ (ಅಲ್ಲಿನ ಮೆಟ್ರೋ ರೈಲು) ಸ್ಟೇಷನ್ನುಗಳ ಹೆಸರು ಹೇಳುತ್ತಾ ಹೋಗುತ್ತಾರೆ. ಯಾರೋ "ಓಹೋ, ಭಾರೀ ನಡೆ" ಅನ್ನುವ ಧಾಟಿಯಲ್ಲಿ ಉಸಿರು ಬಿಡುತ್ತಾರೆ. ಕೊನೆಗೊಬ್ಬರು ಮಾರ್ನಿಂಗ್ಟನ್ ಕ್ರೆಸೆಂಟ್ ಅಂದ ಕೂಡಲೇ ಗೆದ್ದರು. ನಿಯಮ ಏನು? ನಿಯಮವೇ ಇಲ್ಲ. ಇದೆ ಅಂತ ಎಲ್ಲರೂ ಗಂಭೀರವಾಗಿ ನಟಿಸುವುದೇ ತಮಾಷೆ. ಮಾರ್ನಿಂಗ್ಟನ್ ಕ್ರೆಸೆಂಟ್ ನಿಜವಾದ ಟ್ಯೂಬ್ ಸ್ಟೇಷನ್ನೇ. ನಾರ್ದರ್ನ್ ಲೈನಿನ ಆ ಸ್ಟೇಷನ್ 1992ರಲ್ಲಿ ಮುಚ್ಚಿ 1998ರಲ್ಲಿ ತೆರೆದಾಗ, ಬಾಗಿಲು ತೆಗೆಯೋಕೆ ಕರೆಸಿದ್ದು ಈ ತಂಡವನ್ನೇ! ಇಲ್ಲಿಯ ಜನರ ಜೊತೆ ಒಂದಷ್ಟು ಕಾಲ ಬದುಕಿದ ಮೇಲೆ ಇದಕ್ಕೆ ನಗು ತಾನಾಗಿ ಬರುತ್ತದೆ, ಮೊದಲೇ ಬರಲ್ಲ.

4 ಎಕ್ಸ್‌ಟ್ರಾದ ಹಳೇ ಹಾಸ್ಯದ ಬಗ್ಗೆ ಸ್ವಲ್ಪ ಬಿಚ್ಚಿ ಹೇಳಬೇಕು. 1950ರ ದಶಕದ ಗೂನ್ ಶೋ ಈಗಲೂ ಹುಚ್ಚು ಹಿಡಿಸುತ್ತದೆ. ಅದನ್ನು ಬರೆದು ನಟಿಸುತ್ತಿದ್ದ, ಅದರ ಜೀವಾಳವಾದ ಸ್ಪೈಕ್ ಮಿಲಿಗನ್ ಹುಟ್ಟಿದ್ದು ನಮ್ಮ ಪಕ್ಕದ ಅಹ್ಮದ್‌ನಗರದಲ್ಲಿ. ಆದರೆ ಅದರಲ್ಲಿ ಬ್ಯಾನರ್ಜಿ, ಲಾಲ್ಕಾಕ ಅಂತ ಇಬ್ಬರು ಬರುತ್ತಾರೆ. ಭಾರತದವರ ಮಾತನ್ನು ಅಣಕಿಸುವುದೇ ಅವರ ಕೆಲಸ. ಸದ್ದುಗಳ ಆಟಕ್ಕೆ ಬಿದ್ದು ಬಿದ್ದು ನಗುತ್ತಿದ್ದ ನಾನು ಅವರಿಬ್ಬರು ಬಂದ ಕೂಡಲೇ ತಣ್ಣಗಾಗುತ್ತೇನೆ. ಇಂಥ ಹಳೇ ಕಾರ್ಯಕ್ರಮಗಳಿಗೆ ಕೆಲವೊಮ್ಮೆ "ಆ ಕಾಲದ ಧೋರಣೆ ಇದೆ" ಅಂತ ಮೊದಲೇ ಎಚ್ಚರಿಸುತ್ತಾರೆ. ಕತ್ತರಿಸುವುದಕ್ಕಿಂತ ಅದೇ ವಾಸಿ. ಹಾಗೇ ಬಿಡಲಿ, ನಾನೇ ನಿರ್ಧಾರ ಮಾಡ್ತೀನಿ.

ಇನ್ನೊಂದು ತಕರಾರು ಮರುಪ್ರಸಾರದ್ದು. ಬೆಳಗ್ಗೆ ಕೇಳಿದ್ದೇ ಸಂಜೆಗೂ ಬರುತ್ತದೆ, ಇಡೀ ದಿನ ಹಾಕಿಟ್ಟರೆ ತಲೆ ಚಿಟ್ಟು ಹಿಡಿಯುತ್ತದೆ. ಹಾಗಾಗಿ ನಾನು ಎಕ್ಸ್‌ಟ್ರಾ ಹಾಕುವುದು ರಾತ್ರಿ ಅಡುಗೆಮನೆ ಒರೆಸುವ ಹೊತ್ತಿಗೆ ಮಾತ್ರ.

ಐದಕ್ಕೆ ರೇಡಿಯೋ 4ಗೆ ನಾಲ್ಕೂವರೆ ಸ್ಟಾರ್, ಎಕ್ಸ್‌ಟ್ರಾಗೆ ಮೂರೂವರೆ. ಎಕ್ಸ್‌ಟ್ರಾ ಪ್ರಸಾರ ಮುಂದೆ ನಿಲ್ಲಿಸುತ್ತೇವೆ ಅಂತ ಬಿಬಿಸಿ 2022ರಲ್ಲೇ ಹೇಳಿತ್ತು, ಆದ್ದರಿಂದ ಕೇಳುವುದಿದ್ದರೆ ತಡ ಮಾಡಬೇಡಿ. ಊರಿನಲ್ಲಿರುವವರಿಗೆ ಒಂದು ಮಾತು: ಬಿಬಿಸಿ ಸೌಂಡ್ಸ್ ಆ್ಯಪ್ 2025ರ ಜುಲೈನಿಂದ ಬ್ರಿಟನ್ನಿನ ಹೊರಗಡೆ ಬಂದ್ ಆಗಿದೆ. ರೇಡಿಯೋ 4 ಬೇಕಿದ್ದರೆ ಬಿಬಿಸಿ ವೆಬ್‌ಸೈಟಿಗೋ ಬಿಬಿಸಿಯ ಮುಖ್ಯ ಆ್ಯಪಿಗೋ ಹೋಗಬೇಕು. ಇಲ್ಲಿರುವವರು ಹಾಸ್ಯ ಕಾರ್ಯಕ್ರಮಗಳ ರೆಕಾರ್ಡಿಂಗ್ ನೋಡೋಕೂ ಹೋಗಬಹುದು, ಟಿಕೆಟ್ ಪುಕ್ಕಟೆ. ಆದರೆ ಸೀಟಿಗಿಂತ ಜಾಸ್ತಿ ಟಿಕೆಟ್ ಹಂಚಿರುತ್ತಾರೆ, ಬೇಗ ಹೋಗಿ ಕ್ಯೂ ನಿಲ್ಲಿ.