ಅರೆಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ: ಸಣ್ಣ ತಂಡಗಳ ಕಡೆಯಿಂದ ನೋಡಿದಾಗ

ಫುಟ್‌ಬಾಲ್ ತೀರ್ಪುಗಾರಿಕೆಗೆ ಬಂದಿರುವ ತಂತ್ರಜ್ಞಾನಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದದ್ದು, 2022ರ ಕತಾರ್ ವಿಶ್ವಕಪ್‌ನಲ್ಲಿ ಫಿಫಾ ಬಳಸಿದ ಅರೆಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಎಂಬುದು ನನ್ನ ಅಭಿಪ್ರಾಯ. ಸಹಆಟಗಾರ ಪಾಸ್ ಕೊಡುವ ಕ್ಷಣದಲ್ಲಿ ದಾಳಿಯ ಆಟಗಾರ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ಮುಂದಿದ್ದರೆ ಅದು ಆಫ್‌ಸೈಡ್. ಅಲ್ಲಿ ಕ್ರೀಡಾಂಗಣದ ಚಾವಣಿಯಡಿ ಅಳವಡಿಸಿದ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳವರೆಗೆ ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಮಾಹಿತಿ ಕಳುಹಿಸುತ್ತಿದ್ದುದರಿಂದ, ಪಾಸ್ ಯಾವ ಕ್ಷಣದಲ್ಲಿ ಕಾಲಿನಿಂದ ಹೊರಟಿತೆಂದು ಊಹಿಸಬೇಕಾಗಿರಲಿಲ್ಲ. ಸೂಚನೆ ಬಂದಾಗ ವಿಡಿಯೊ ಕೊಠಡಿಯ ಅಧಿಕಾರಿಗಳು ಅದನ್ನು ಪರಿಶೀಲಿಸಿ ಮೈದಾನದ ರೆಫರಿಗೆ ತಿಳಿಸುತ್ತಿದ್ದರು.

ಸಣ್ಣ ತಂಡಗಳಿಗೆ ಈ ವ್ಯವಸ್ಥೆಯ ಮಹತ್ವವೇನೆಂದು ತಿಳಿಯಬೇಕಾದರೆ 2022ರ ನವೆಂಬರ್ 22ರಂದು ಲುಸೈಲ್‌ನಲ್ಲಿ ನಡೆದ ಅರ್ಜೆಂಟೀನಾ–ಸೌದಿ ಅರೇಬಿಯಾ ಪಂದ್ಯವನ್ನು ನೋಡಬೇಕು. ಸತತ 36 ಪಂದ್ಯಗಳಲ್ಲಿ ಸೋಲರಿಯದೆ ಬಂದಿದ್ದ ಅರ್ಜೆಂಟೀನಾಕ್ಕೆ ಮೊದಲ ನೆರವು ಸಿಕ್ಕಿದ್ದು ವಿಡಿಯೊ ಪರಿಶೀಲನೆಯಿಂದಲೇ. ಅದರಿಂದ ದೊರೆತ ಪೆನಾಲ್ಟಿಯನ್ನು ಮೆಸ್ಸಿ 10ನೇ ನಿಮಿಷದಲ್ಲಿ ಗೋಲಾಗಿಸಿದರು. ಆದರೆ ಅದೇ ಅವಧಿಯಲ್ಲಿ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಕಾರಣಕ್ಕೆ ರದ್ದಾದವು. ಲೌಟಾರೊ ಮಾರ್ಟಿನೆಜ್ ಅವರ ಒಂದು ಗೋಲಿನಲ್ಲಿ ಅವರು ಮುಂದಿದ್ದದ್ದು ಭುಜದಷ್ಟು ಮಾತ್ರ. ಸೌದಿ ತರಬೇತುದಾರ ಹರ್ವೆ ರೆನಾರ್, ಎದುರಾಳಿಗಳು ಆಫ್‌ಸೈಡ್‌ಗೆ ಸಿಲುಕಲೆಂದು ತಮ್ಮ ರಕ್ಷಣಾ ಸಾಲನ್ನು ಮಧ್ಯರೇಖೆಯ ಹತ್ತಿರಕ್ಕೆ ತಂದು ನಿಲ್ಲಿಸಿದ್ದರು. ಸಹಾಯಕ ರೆಫರಿಯ ಕಣ್ಣೊಂದನ್ನೇ ನಂಬಿ ಹೀಗೆ ಆಡುವುದು ದುಸ್ಸಾಹಸವೇ ಸರಿ, ಏಕೆಂದರೆ ಆಫ್‌ಸೈಡ್ ಸೂಚಿಸುವ ಒಂದು ಧ್ವಜ ಏಳದಿದ್ದರೂ ಪಂದ್ಯ ಕೈತಪ್ಪುತ್ತದೆ. ಅಳತೆ ತಪ್ಪುವುದಿಲ್ಲ ಎಂಬ ಭರವಸೆಯಿದ್ದಾಗ ಅದೇ ಆಟ ಒಂದು ನ್ಯಾಯವಾದ ತಂತ್ರವಾಗುತ್ತದೆ. ವಿರಾಮದ ನಂತರ ಅಲ್ ಶೆಹ್ರಿ ಮತ್ತು ಅಲ್ ದೌಸರಿ ಗಳಿಸಿದ ಗೋಲುಗಳಿಂದ ಸೌದಿ 2–1ರಲ್ಲಿ ಗೆದ್ದಿತು. ಆ ಗೆಲುವು ಆಟಗಾರರದು. ಅದನ್ನು ಯಾರೂ ಕಸಿದುಕೊಳ್ಳದಂತೆ ಕಾದದ್ದು ಮಾತ್ರ ಯಂತ್ರ.

ಇದಕ್ಕೂ ಮೊದಲು, ವಿಡಿಯೊ ಸಹಾಯಕ ರೆಫರಿ ಪದ್ಧತಿ ವಿಶ್ವಕಪ್‌ಗೆ ಬಂದ 2018ರಲ್ಲಿಯೇ, ಕಜಾನ್‌ನಲ್ಲಿ ಜರ್ಮನಿಯ ವಿರುದ್ಧ ದಕ್ಷಿಣ ಕೊರಿಯಾದ ಕಿಮ್ ಯಂಗ್-ಗ್ವಾನ್ ಹೆಚ್ಚುವರಿ ನಿಮಿಷಗಳಲ್ಲಿ ಗಳಿಸಿದ ಗೋಲಿಗೆ ಆಫ್‌ಸೈಡ್ ಧ್ವಜ ಎದ್ದಿತ್ತು. ಚೆಂಡು ಸಹಆಟಗಾರನಿಂದಲ್ಲ, ಎದುರಾಳಿ ಜರ್ಮನಿಯ ಟೋನಿ ಕ್ರೂಸ್ ಅವರಿಂದ ಬಂದದ್ದೆಂದು ವಿಡಿಯೊ ತೋರಿಸಿದ ಮೇಲೆ ಗೋಲು ಉಳಿಯಿತು, ಹಾಲಿ ಚಾಂಪಿಯನ್ನರು ಗುಂಪು ಹಂತದಲ್ಲೇ ಹೊರಬಿದ್ದರು. ಹಳೆಯ ಪದ್ಧತಿಯಲ್ಲಿ ಆ ಧ್ವಜವೇ ಕೊನೆಯ ಮಾತಾಗಿರುತ್ತಿತ್ತು.

ಹಾಗೆಂದು ಇದು ಸಣ್ಣವರ ಪಕ್ಷಪಾತಿಯೇನಲ್ಲ. 2024ರ ಯುರೋ ಟೂರ್ನಿಯಲ್ಲಿ ಜರ್ಮನಿಯ ವಿರುದ್ಧ ಡೆನ್ಮಾರ್ಕ್‌ನ ಆಂಡರ್‌ಸನ್ ಗಳಿಸಿದ ಗೋಲು ಸಹಆಟಗಾರನ ಕಾಲ್ಬೆರಳಿನಷ್ಟು ಆಫ್‌ಸೈಡ್‌ನಿಂದ ರದ್ದಾಯಿತು. ಆಫ್‌ಸೈಡ್ ನಿಯಮದಲ್ಲಿ ರಿಯಾಯಿತಿಯ ಅಂಚು ಇಲ್ಲದಿರುವುದರಿಂದ ಅದನ್ನು ನಾನು ಒಪ್ಪುತ್ತೇನೆ. ಕೆಲವೇ ನಿಮಿಷಗಳಲ್ಲಿ ಅದೇ ಆಂಡರ್‌ಸನ್ ವಿರುದ್ಧ ಹ್ಯಾಂಡ್‌ಬಾಲ್‌ಗೆ ಪೆನಾಲ್ಟಿ ಕೊಟ್ಟದ್ದನ್ನು ಮಾತ್ರ ಒಪ್ಪಲಾರೆ. ಚೆಂಡು ಕೈಗೆ ತಾಗಿತೆಂದು ಸೆನ್ಸರ್ ನಿಖರವಾಗಿ ಹೇಳಬಲ್ಲದು. ಓಡುವವನ ಕೈ ಅಲ್ಲಿರುವುದು ಸಹಜವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅಳತೆಯ ನಿಖರತೆ ವಿವೇಚನೆಯ ಜಾಗವನ್ನು ಆಕ್ರಮಿಸಿದಾಗ ಈ ವ್ಯವಸ್ಥೆ ಸೊರಗುತ್ತದೆ.

ಇನ್ನೊಂದು ಕೊರತೆ ಪ್ರೇಕ್ಷಕರಿಗೆ ಸಂಬಂಧಿಸಿದ್ದು. ಕತಾರ್‌ನಲ್ಲಿ ಜಪಾನ್ 2–1ರಿಂದ ಸ್ಪೇನನ್ನು ಮಣಿಸಿದಾಗ, ಜಪಾನ್‌ನ ಮಿಟೋಮಾ ಒಳಗೆಳೆದ ಚೆಂಡು ಮೈದಾನದಿಂದ ಪೂರ್ತಿ ಹೊರಹೋಗಿರಲಿಲ್ಲ, ಅದರ ಅಂಚು ಗೆರೆಯ ಮೇಲಿತ್ತೆಂದು ಗೋಲು ಉಳಿಯಿತು; ಆದರೆ ಅದನ್ನು ವಿವರಿಸುವ ದೃಶ್ಯವನ್ನು ಫಿಫಾ ಪ್ರಕಟಿಸಿದ್ದು ಮರುದಿನ. ಅಷ್ಟರೊಳಗೆ ಜಗತ್ತಿನ ಅರ್ಧ ಜನ ಜಪಾನಿಗೆ ಮೋಸದ ಗೆಲುವೆಂಬ ಹಣೆಪಟ್ಟಿ ಕಟ್ಟಿದ್ದರು. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ತೀರ್ಪನ್ನು ಮೈಕ್‌ನಲ್ಲಿ ಘೋಷಿಸಿದ ಕ್ರಮ ಸ್ವಾಗತಾರ್ಹ. ಅದರ ಜೊತೆಗೆ, ತೀರ್ಪಿಗೆ ಆಧಾರವಾದ ಚಿತ್ರವೂ ಆಟ ಮತ್ತೆ ಆರಂಭವಾಗುವ ಮೊದಲೇ ಪರದೆಯ ಮೇಲೆ ಬರಬೇಕು.