ಅದು ಯಾವ ಆಮೆ ಅಂತ ನಾವು ಕೇಳಲೇ ಇಲ್ಲ

ಮನೆಗೊಂದು ಆಮೆ ತರೋಣ ಅಂದುಕೊಂಡಿರುವವರು, ಈಗಾಗಲೇ ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ 71 ದಿನ ಒಂದು ಆಮೆ ಇತ್ತು. ಅದಕ್ಕೆ ನಾವು ಮಾಡಿದ್ದೆಲ್ಲ ತಪ್ಪು.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮೂಲ ಕುಂದಾಪುರದ ಕಡೆ. ಒಂದೇ ಬೆಡ್‌ರೂಮಿನ ಮನೆ, ಅದರಲ್ಲಿ ನಾವಿಬ್ಬರು, ಮಗಳು, ನನ್ನ ಅಮ್ಮ. ಮಗಳಿಗೆ ನಾಯಿ ಬೇಕಿತ್ತು. ಸೊಸೈಟಿಯಲ್ಲಿ ನಾಯಿ ಅಂದರೆ ಜಗಳ, ಜೊತೆಗೆ ಬೆಳಿಗ್ಗೆ 7.12ರ ಲೋಕಲ್ ಹಿಡಿಯುವ ನಾನು ನಾಯಿಯನ್ನು ಯಾವಾಗ ಸುತ್ತಾಡಿಸಲಿ? ಆಗ ಭಾವ ಒಬ್ಬನ ನಂಬರ್ ಕೊಟ್ಟರು. ಮೀನು, ಹಕ್ಕಿ ಮಾರುವವನು. ಫೋನಿನಲ್ಲೇ ಶುರು ಮಾಡಿದ. "ಆಮೆ ತಗೊಳ್ಳಿ ಸೇಠ್. ಬೊಗಳಲ್ಲ, ಕಚ್ಚಲ್ಲ, ಖರ್ಚಿಲ್ಲ. ಮೇಲಿಂದ ಮನೆಗೆ ಲಕ್ಷ್ಮಿ."

ಮೇ ಮೊದಲ ವಾರ ಸ್ಟೇಷನ್ ಹೊರಗೆ ಬಂದು ಮಿಠಾಯಿ ಡಬ್ಬದಲ್ಲಿ ಕೊಟ್ಟ. 4,000 ರೂಪಾಯಿ, ನಗದು ಮಾತ್ರ. ಅಂಗೈಯಷ್ಟು ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು, ಥೇಟ್ ರಂಗೋಲಿ ಇಟ್ಟ ಹಾಗೆ. ಬಿಲ್ ಕೇಳಿದೆ. "ಫಾರ್ಮ್‌ನಲ್ಲಿ ಹುಟ್ಟಿದ್ದು, ಬಿಲ್ ಏನೂ ಬೇಡ, ದಿನಾ ನೀರು ಬದಲಿಸಿದ್ರೆ ಸಾಕು" ಅಂದ. ಟ್ಯಾಕ್ಸ್ ಉಳಿಯಿತು ಅಂತ ನಾನು ಖುಷಿಪಟ್ಟೆ. ಅಕೌಂಟ್ಸ್ ಕೆಲಸ ಮಾಡುವವನ ಬುದ್ಧಿ ನೋಡಿ.

ನೀರು ಬದಲಿಸಿ ಅಂದನಲ್ಲ, ಅಂದ ಮೇಲೆ ಅದು ನೀರಲ್ಲಿ ಇರುವುದು. ನಮಗ್ಯಾರಿಗೂ ಸಂಶಯವೇ ಬರಲಿಲ್ಲ. ಊರಿನ ನಮ್ಮ ಬಾವಿಯಲ್ಲಿ ಆಮೆ ಇತ್ತು. ನೀರು ಸೇದುವಾಗ ಕೊಡದ ಪಕ್ಕ ತಲೆ ಎತ್ತುತ್ತಿತ್ತು. "ಆಮೆ ನೀರಲ್ಲಿ ಅಲ್ದೆ ಮತ್ತೆಲ್ಲಿ ಇರುದು? ಕೂರ್ಮಾವತಾರ ಆದದ್ದು ಸಮುದ್ರದಲ್ಲೇ ಅಲ್ವಾ?" ಅಂದರು ಅಮ್ಮ. ನಾನು ಮಧ್ಯಾಹ್ನ ಊಟ ಮಾಡುವ ಉಡುಪಿ ಹೋಟೆಲಿನ ಗಲ್ಲಾ ಮೇಲೂ ಒಂದು ಹಿತ್ತಾಳೆ ಆಮೆ ಇದೆ, ನೀರು ತುಂಬಿದ ತಟ್ಟೆಯಲ್ಲಿ. ಇನ್ನೇನು ಸಾಕ್ಷಿ ಬೇಕು? ಸೆಕೆಂಡ್‌ಹ್ಯಾಂಡ್ ಮೀನಿನ ತೊಟ್ಟಿ ತಂದೆ. ನಾಲ್ಕು ಬೆರಳು ನೀರು, ಬಣ್ಣದ ಕಲ್ಲು, ಮಧ್ಯೆ ಒಂದು ಪ್ಲಾಸ್ಟಿಕ್ ಸೇತುವೆ. ಮಗಳು ಚಿನ್ನು ಅಂತ ಹೆಸರಿಟ್ಟಳು.

ಚಿನ್ನು ಇಡೀ ದಿನ ಗಾಜು ಕೆರೆಯುತ್ತಿತ್ತು. ಆಟ ಆಡ್ತಿದೆ ಅಂದುಕೊಂಡೆವು. ನಾನು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಎಲ್ಲರೂ ಹಾರ್ಟ್ ಕಳಿಸಿದರು. ಮೀನಿನ ಕಾಳು ಮುಟ್ಟಲಿಲ್ಲ. ಟೊಮೆಟೊ, ಬಾಳೆಹಣ್ಣು ಕೊಟ್ಟರೆ ಮಾತ್ರ ಮುಗಿಬಿದ್ದು ತಿನ್ನುತ್ತಿತ್ತು. ಅಮ್ಮ ದಿನಾ ಒಂದು ತುತ್ತು ಅನ್ನವನ್ನೂ ಇಡುತ್ತಿದ್ದರು. ತೊಟ್ಟಿ ಇಟ್ಟದ್ದು ಬಾಲ್ಕನಿಯಲ್ಲಿ, ಸ್ಲೈಡಿಂಗ್ ಗಾಜಿನ ಹಿಂದೆ. ಬಿಸಿಲು ಬೀಳುತ್ತಿತ್ತು, ಹಾಗಾಗಿ ಬಿಸಿಲಿನ ಚಿಂತೆ ಇಲ್ಲ ಅಂದುಕೊಂಡಿದ್ದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ನೀರು ಒಳಗೆ ಎರಚುತ್ತೆ ಅಂತ ತೊಟ್ಟಿಯನ್ನು ಹಾಲಿಗೆ ತಂದೆವು. ರಾತ್ರಿ ಎಸಿ. ಚಿನ್ನು ತಿನ್ನುವುದು ಕಡಿಮೆ ಮಾಡಿತು. ಗಾಜು ಕೆರೆಯುವುದನ್ನು ನಿಲ್ಲಿಸಿತು. ಒಗ್ಗಿಕೊಂಡಿತು ಅಂದುಕೊಂಡೆವು. ಈ ಒಂದು ಮಾತನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಆಮೆಗೆ ಕೂಗು ಇಲ್ಲ, ನರಳಾಟ ಇಲ್ಲ. ನಾಯಿ ಒಂದು ಹೊತ್ತು ಊಟ ಬಿಟ್ಟರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಆಮೆ ಕಾಯಿಲೆ ಬಿದ್ದರೂ ಸುಮ್ನೆ ಕೂತ ಹಾಗೆಯೇ ಕಾಣುತ್ತದೆ.

ಒಂದು ಸಂಜೆ ಮಗಳು ಕರೆದಳು. "ಪಪ್ಪಾ, ಚಿನ್ನು ಮೂಗಲ್ಲಿ ಗುಳ್ಳೆ ಬಿಡ್ತಿದೆ." ಅವಳಿಗೆ ತಮಾಷೆ. ಎರಡು ದಿನ ಬಿಟ್ಟು ಅದು ಕತ್ತು ಉದ್ದ ಮಾಡಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಹತ್ತಿರ ಕಿವಿ ಇಟ್ಟರೆ ಸಣ್ಣ ಸೀಟಿಯ ಹಾಗೆ ಸದ್ದು. ನನ್ನ ಹೆಂಡತಿ ಎತ್ತಿ ನೋಡಿ, "ರೀ, ಹೊಟ್ಟೆ ಕಡೆ ಚಿಪ್ಪು ಒತ್ತಿದರೆ ಒಳಗೆ ಹೋಗ್ತಿದೆ" ಅಂದಳು.

ನಮ್ಮ ಏರಿಯಾದ ನಾಯಿ ಡಾಕ್ಟರ್ ಮುಟ್ಟಲೇ ಇಲ್ಲ. ಥಾಣೆಯಲ್ಲಿ ಹಕ್ಕಿ, ಆಮೆ ನೋಡುವ ಡಾಕ್ಟರ್ ಒಬ್ಬರಿದ್ದಾರೆ ಅಂತ ಅಲ್ಲಿಗೆ ಕಳಿಸಿದರು. ಆ ಡಾಕ್ಟರಮ್ಮ ಚಿನ್ನುವನ್ನು ಮೇಜಿನ ಮೇಲಿಟ್ಟು ಮೊದಲು ಕೇಳಿದ್ದು, "ಯಾಕೆ ಇದು ಒದ್ದೆಯಾಗಿದೆ?"

ನೀರಲ್ಲಿ ಇಟ್ಟಿದ್ದೇವೆ ಅಂದೆ. ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅದರ ಕಾಲು ಹಿಡಿದು ತೋರಿಸಿದರು. ಆನೆಯ ಕಾಲಿನ ಹಾಗೆ ದಪ್ಪ, ಗುಂಡಗೆ. ಬೆರಳುಗಳ ನಡುವೆ ಪೊರೆ ಇಲ್ಲ. ಚಿಪ್ಪು ಗುಮ್ಮಟದ ಹಾಗೆ ಎತ್ತರ. ನೀರಾಮೆಗೆ ಚಿಪ್ಪು ಚಪ್ಪಟೆ, ಬೆರಳುಗಳ ನಡುವೆ ಪೊರೆ ಇರುತ್ತದಂತೆ. "ಇದು ನೆಲದ ಆಮೆ. ಇದಕ್ಕೆ ಈಜೋಕೇ ಬರಲ್ಲ. ಎರಡು ತಿಂಗಳಿಂದ ಇದು ನಿಮ್ಮ ತೊಟ್ಟಿಯಿಂದ ಹೊರಗೆ ಬರೋಕೆ ನೋಡ್ತಾ ಇತ್ತು."

ಕನ್ನಡದಲ್ಲಿ ನಾವು ಎಲ್ಲದಕ್ಕೂ ಆಮೆ ಅಂತಲೇ ಅನ್ನುತ್ತೇವೆ. ಮರಾಠಿಯವರಿಗೆ ಎಲ್ಲವೂ ಕಾಸವ್, ಹಿಂದಿಯವರಿಗೆ ಕಛುವಾ. ನೆಲದ್ದೋ ನೀರಿನದೋ ಅಂತ ಬೇರೆ ಮಾಡಿ ಕೇಳುವ ಅಭ್ಯಾಸವೇ ನಮಗಿಲ್ಲ. ಚಿನ್ನು ನಕ್ಷತ್ರ ಆಮೆ. ಇವು ಇರುವುದು ಆಂಧ್ರ, ತಮಿಳುನಾಡು, ನಮ್ಮದೇ ಕರ್ನಾಟಕದ ಒಣ ಕುರುಚಲು ಸೀಮೆಗಳಲ್ಲಿ, ಆ ಕಡೆ ಗುಜರಾತ್, ರಾಜಸ್ಥಾನದಲ್ಲಿ. ಅಂಥದ್ದನ್ನು ತಂದು ಮುಂಬೈ ಮಳೆಗಾಲದಲ್ಲಿ, ಎಸಿ ಕೋಣೆಯಲ್ಲಿ, ನೀರಲ್ಲಿ ನಿಲ್ಲಿಸಿದ್ದೆವು. ಆಗಿದ್ದು ನ್ಯುಮೋನಿಯಾ. ಆಮೆಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಗೆ ಹಾಕಲು ಆಗುವುದಿಲ್ಲ. ಒಳಗೆ ಕಟ್ಟಿದ್ದು ಒಳಗೇ ಇರುತ್ತದೆ.

ಚಿಪ್ಪು ಮೆತ್ತಗಾದದ್ದು ಬೇರೆ ಕಥೆ. ಆಮೆಯ ಚಿಪ್ಪು ಮೇಲೆ ಹೊದ್ದುಕೊಂಡ ಡಬ್ಬ ಅಲ್ಲ, ಬೆನ್ನುಮೂಳೆ ಪಕ್ಕೆಲುಬು ಎಲ್ಲ ಅದರಲ್ಲೇ ಕೂಡಿಕೊಂಡಿರುತ್ತವೆ. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ವಿಟಮಿನ್ ಬೇಕು. ಡಿ3 ಆಗಲು ಬಿಸಿಲಿನ ಯುವಿ-ಬಿ ಕಿರಣ ಚರ್ಮಕ್ಕೆ ತಾಗಬೇಕು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ. ನಮ್ಮ ಬಾಲ್ಕನಿಯ ಬಿಸಿಲಿನಿಂದ ಚಿನ್ನುವಿಗೆ ಸಿಕ್ಕಿದ್ದು ಸೆಕೆ ಮಾತ್ರ. ಟೊಮೆಟೊ, ಬಾಳೆಹಣ್ಣು, ಅನ್ನ ಯಾವುದೂ ಅದರ ಆಹಾರ ಅಲ್ಲ. ಪಾಲಕ್ ಒಳ್ಳೇದಲ್ವಾ ಅಂತ ನನ್ನ ಹೆಂಡತಿ ಕೇಳಿದಳು. ಅದರಲ್ಲಿರುವ ಆಕ್ಸಾಲಿಕ್ ಆಮ್ಲವು ಇರುವಷ್ಟು ಕ್ಯಾಲ್ಸಿಯಂ ಅನ್ನೂ ಮೈಗೆ ಹತ್ತದಂತೆ ಹಿಡಿದಿಟ್ಟುಬಿಡುತ್ತದಂತೆ. ಮುಟ್ಟಿದ ಮೇಲೆ ಮಗು ಸೋಪು ಹಾಕಿ ಕೈ ತೊಳೆಯುತ್ತಾ ಅಂತಲೂ ಡಾಕ್ಟರಮ್ಮ ಕೇಳಿದರು, ಆಮೆಗಳಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬರಬಹುದು ಅಂತ. ತೊಟ್ಟಿಯ ನೀರನ್ನು ನಾವು ಚೆಲ್ಲುತ್ತಿದ್ದದ್ದು ಅಡುಗೆಮನೆಯ ಸಿಂಕಿಗೆ!

ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿ ಇನ್ನೊಂದು ವಿಷಯ ಹೇಳಿದರು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತಲ್ಲ, ಅದು ಜಾರಿಗೆ ಬಂದಾಗಿನಿಂದ ಇದು ಹುಲಿ, ಆನೆ ಇರುವ ಮೊದಲನೇ ಪಟ್ಟಿಯಲ್ಲಿದೆ. 3ರಿಂದ 7 ವರ್ಷ ಜೈಲು, ದಂಡ ಕಡಿಮೆ ಅಂದರೂ 25,000. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ. "ಫಾರ್ಮ್‌ನಲ್ಲಿ ಹುಟ್ಟಿದ್ದು" ಅನ್ನುವ ಮಾರುವವನ ಬಾಯಿಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಹೊಲ, ಗುಡ್ಡಗಳಿಂದ ಹಿಡಿದು, ಚೀಲದಲ್ಲಿ ತುಂಬಿ ಊರೂರು ಸಾಗಿಸುವುದು ದೊಡ್ಡ ದಂಧೆ. "ನಾಳೆಯೇ ಅರಣ್ಯ ಇಲಾಖೆಗೆ ಒಪ್ಪಿಸಿ" ಅಂದರು.

ನಾನು ಮರುದಿನ ಒಪ್ಪಿಸಲಿಲ್ಲ. 11 ದಿನ ತಡ ಮಾಡಿದೆ. ಹೆದರಿಕೆ. ಕೇಸ್ ಆದರೆ ನೌಕರಿ ಗತಿ ಏನು, ಸೊಸೈಟಿಯಲ್ಲಿ ಏನಂತಾರೆ, ಇದೇ ಯೋಚನೆ. ಭಾವ ಸಲೀಸಾಗಿ ಹೇಳಿದರು, "ರಾತ್ರಿ ಹೋಗಿ ಯಾವುದಾದರೂ ತಲಾವಿಗೆ ಬಿಟ್ಟು ಬಾ ಮಾರಾಯ." ನಿಜ ಹೇಳುತ್ತೇನೆ, ಹೋದೆ ಕೂಡ. ಚಿನ್ನುವನ್ನು ಚೀಲದಲ್ಲಿಟ್ಟುಕೊಂಡು ರಿಕ್ಷಾ ಹತ್ತಿ ಕೆರೆಯ ಮೆಟ್ಟಿಲ ತನಕ ಹೋಗಿ ನಿಂತೆ. ಬಗ್ಗಿದಾಗ ಡಾಕ್ಟರಮ್ಮನ ಮಾತು ನೆನಪಾಯಿತು. ಈಜೋಕೇ ಬರಲ್ಲ. ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ಅದನ್ನು ಮತ್ತೆ ನೀರಿಗೇ ಹಾಕಲು ಹೊರಟಿದ್ದೆ ನಾನು. ಅದೇ ರಿಕ್ಷಾದಲ್ಲಿ ವಾಪಸ್ ಬಂದೆ.

ಆ 11 ದಿನ ಡಾಕ್ಟರ್ ಹೇಳಿದಂತೆ ನೋಡಿಕೊಂಡೆವು. ತೊಟ್ಟಿ ಹೋಯಿತು, ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಣಹುಲ್ಲು ಬಂತು. ಒಂದು ಮೂಲೆಯಲ್ಲಿ ಬೆಚ್ಚಗಿನ ಬಲ್ಬು, ಇನ್ನೊಂದು ಮೂಲೆ ತಂಪಾಗಿ, ಅದಕ್ಕೆ ಬೇಕಾದ ಕಡೆ ಹೋಗಲಿ ಅಂತ. ಯುವಿ-ಬಿ ಟ್ಯೂಬ್ ಬೇರೆ. ದಿನಕ್ಕೊಮ್ಮೆ ಅಗಲ ತಟ್ಟೆಯಲ್ಲಿ ಗಲ್ಲ ಮುಳುಗದಷ್ಟು ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ, ಆಗಲೇ ಕುಡಿಯುತ್ತದೆ, ತಕ್ಷಣ ಒರೆಸಬೇಕು. ಅಡುಗೆಮನೆ ತಕ್ಕಡಿಯಲ್ಲಿ ತೂಕ. ಮೊದಲ ದಿನವೇ ತೂಕ ಮಾಡಿ ಬರೆದಿಟ್ಟಿದ್ದರೆ ಇಳಿಯುತ್ತಿರುವುದು ಜೂನ್‌ನಲ್ಲೇ ಗೊತ್ತಾಗುತ್ತಿತ್ತು. ತಿನ್ನಲು ಗರಿಕೆ, ದಾಸವಾಳದ ಎಲೆ. ಗಣಪತಿಗೆ ಅಂತ ಅಮ್ಮ ಕುಂಡದಲ್ಲಿ ಬೆಳೆಸಿದ ದಾಸವಾಳ ಅದು. ಆರನೇ ದಿನ ಚಿನ್ನು ಒಂದು ಕೆಂಪು ಹೂವನ್ನು ಪೂರ್ತಿ ತಿಂದಿತು. ಅಮ್ಮ ಅತ್ತರು. ಹಾಗೆ ತಿನ್ನಲು ಶುರು ಮಾಡಿದ ಮೇಲೆ ಕೊಡುವುದು ಇನ್ನೂ ಕಷ್ಟವಾಯಿತು, ಅದೂ ತಡಕ್ಕೆ ಒಂದು ಕಾರಣ.

ಕೊನೆಗೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆ. ಇಬ್ಬರು ಬಂದರು, ನನ್ನ ಹೇಳಿಕೆ ಬರೆದುಕೊಂಡರು, ಮಾರಿದವನ ನಂಬರ್ ತಗೊಂಡರು. ಬೈಯಲಿಲ್ಲ. ನಾನಾಗಿಯೇ ಕರೆದದ್ದು ಒಳ್ಳೇದಾಯಿತು ಅಂದರು ಅಷ್ಟೆ. ನಿಮ್ಮ ವಿಷಯದಲ್ಲೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಎರಡು ವಾರದ ನಂತರ ಫೋನ್ ಮಾಡಿದಾಗ "ಬದುಕಿದೆ, ಚಿಕಿತ್ಸೆ ನಡೀತಿದೆ" ಅಂದರು.

ಇದನ್ನು ಓದಿ "ಹಾಗಾದರೆ ನೀರಾಮೆ ತರುತ್ತೇವೆ" ಅನ್ನುವವರಿಗೆ ಒಂದು ಮಾತು. ಅಂಗಡಿಗಳಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ, ಹಸಿರಾಗಿ, ಕಿವಿಯ ಹತ್ತಿರ ಕೆಂಪು ಪಟ್ಟಿ ಇರುವ ಮರಿಗಳು ಸಿಗುತ್ತವಲ್ಲ, ಅವು ಅಮೆರಿಕದ ರೆಡ್ ಇಯರ್ಡ್ ಸ್ಲೈಡರ್. ಅದೇ ಗಾತ್ರದಲ್ಲಿ ಉಳಿಯುವುದಿಲ್ಲ. ಊಟದ ತಟ್ಟೆಯಷ್ಟಾಗುತ್ತದೆ, 20-30 ವರ್ಷ ಬದುಕುತ್ತದೆ. ಅದಕ್ಕೂ ನೀರಿನಿಂದ ಮೇಲೆ ಬಂದು ಮೈ ಕಾಯಿಸಲು ಒಣ ಜಾಗ, ಯುವಿ-ಬಿ, ದೊಡ್ಡ ಫಿಲ್ಟರ್ ಬೇಕು. ಸಾಕಾಯಿತು ಅಂತ ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಅನ್ನ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಊರಿನ ಕೆರೆಯಿಂದಲೇ ಹಿಡಿದು ತರುತ್ತೇನೆ ಅಂದರೆ ಅದೂ ಬೇಡ, ಅಲ್ಲಿ ಸಿಗುವ ಫ್ಲ್ಯಾಪ್‌ಶೆಲ್ ಆಮೆ ಕೂಡ ಅದೇ ಮೊದಲನೇ ಪಟ್ಟಿಯಲ್ಲಿದೆ.

ಮೊನ್ನೆ ಹೊಸ ನಂಬರಿನಿಂದ ವಾಟ್ಸ್ಆ್ಯಪ್ ಬಂತು. "ಸೇಠ್, ಹೊಸ ಮಾಲ್ ಬಂದಿದೆ. ಜೋಡಿ ತಗೊಂಡ್ರೆ 7,000." ಕೆಳಗೆ ಫೋಟೋ. ನೀಲಿ ಬಕೆಟ್ಟು, ಅದರಲ್ಲಿ ಹಳದಿ ಗೆರೆಯ ಐದು ಆಮೆಗಳು, ಒಂದರ ಮೇಲೊಂದು ಹತ್ತುತ್ತಿವೆ. ತಳದಲ್ಲಿ ನೀರು. ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದು, ನಂಬರ್ ಸಮೇತ ಇಲಾಖೆಯವರಿಗೆ ಕಳಿಸಿದೆ. ನಿಮಗೂ ಇಂಥ ಫೋಟೋ ಬಂದರೆ ಅಳಿಸಿಬಿಡಬೇಡಿ, ಕಳಿಸಿ.